ಯಾರದ್ದೋ ದುಡ್ಡು, ಸಿಎಸ್‌ಆರ್ ಜಾತ್ರೆ

ಒಂದು ಕಂಪನಿ ಎಷ್ಟು ನಿಯತ್ತಿನದು ಅಂತ ತಿಳ್ಕೋಬೇಕು ಅಂದ್ರೆ ಅದರ ವೆಬ್‌ಸೈಟಲ್ಲಿ ‘ನಮ್ಮ ಮೌಲ್ಯಗಳು’ ಅಂತ ಒಂದು ಪೇಜ್ ಇರತ್ತಲ್ಲ, ಅದನ್ನ ಓದಿ ಏನೂ ಪ್ರಯೋಜನ ಇಲ್ಲ. ಅದಕ್ಕೆ ಮಾಲು ಕೊಡೋ ಯಾವುದಾದ್ರೂ ಸಣ್ಣ ವರ್ಕ್‌ಶಾಪ್‌ನೋರನ್ನ ಹಿಡ್ಕೊಂಡು ‘ಬಿಲ್ಲು ಎಷ್ಟು ದಿನಕ್ಕೆ ಪಾಸಾಗತ್ತೆ’ ಅಂತ ಕೇಳಿ ಸಾಕು. ಬಾಯಿ ಬಿಡೋದಕ್ಕೆ ಮುಂಚೆ ಮುಖದಲ್ಲೇ ಉತ್ತರ ಸಿಗತ್ತೆ.

ನಾನು ಪೀಣ್ಯದಲ್ಲಿ ನಾಲ್ಕೈದು ಸಣ್ಣ ಯುನಿಟ್‌ಗಳಿಗೆ ಅಕೌಂಟ್ಸ್ ನೋಡ್ಕೊಳ್ತೀನಿ, ಪಾರ್ಟ್ ಟೈಮ್. ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನು, ಪಿಎಫ್ ಇಎಸ್‌ಐ ಚಲನ್, ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟು, ಇಷ್ಟೇ ಕೆಲಸ ಅಂತ ಸೇರ್ಕೊಂಡಿದ್ದು, ಆದ್ರೆ ಇದೆಲ್ಲಕ್ಕಿಂತ ಹೆಚ್ಚು ಟೈಮ್ ತಿನ್ನೋದು ಫೋನ್ ಮಾಡಿ ದುಡ್ಡು ಕೇಳೋದು. ನಮ್ಮದೇ ದುಡ್ಡು, ಮಾಲು ಕೊಟ್ಟಾಗಿದೆ, ಅವರು ಅದನ್ನ ಅವರ ಮಷಿನ್‌ಗೆ ಹಾಕಿ ಮಾರಿನೂ ಆಗಿದೆ, ಆದ್ರೂ ಕೇಳೋವಾಗ ನಾವೇ ‘ಸಾರ್, ಸ್ವಲ್ಪ ನೋಡಿ ಸಾರ್, ಡಿಸ್ಟರ್ಬ್ ಮಾಡಿದ್ದಕ್ಕೆ ಸಾರಿ ಸಾರ್’ ಅನ್ನಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಬಿಸಿನೆಸ್‌ನಲ್ಲಿ ನೀತಿ, ಸಾಮಾಜಿಕ ಜವಾಬ್ದಾರಿ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಸಿಎಸ್‌ಆರ್, ಅಂದ್ರೆ ಕಂಪನಿಗಳು ಸಮಾಜಕ್ಕೆ ಅಂತ ಮಾಡೋ ಖರ್ಚು. ಸರ್ಕಾರಿ ಶಾಲೆಗೆ ಬೆಂಚು, ಸ್ಮಾರ್ಟ್ ಟಿವಿ, ಕೆರೆ ಹೂಳು ತೆಗೆಸೋದು, ಗಿಡ ನೆಡೋದು. ಒಳ್ಳೇ ಕೆಲಸಗಳೇ, ನಾನು ಬೇಡ ಅನ್ನಲ್ಲ, ನಮ್ಮೂರ ಶಾಲೆಗೂ ಹಾಗೇ ಒಂದು ಟಾಯ್ಲೆಟ್ ಬ್ಲಾಕ್ ಬಂದಿದೆ, ಹೆಣ್ಣುಮಕ್ಕಳಿಗೆ ತುಂಬಾ ಅನುಕೂಲ ಆಗಿದೆ. ಆದ್ರೆ ಇದನ್ನೇ ನೀತಿ ಅಂತ ತೋರಿಸ್ಕೊಂಡು ಓಡಾಡೋದಿದ್ಯಲ್ಲ, ಅದರ ಬಗ್ಗೆ ನನ್ನ ತಕರಾರು. ಮೊದಲನೇದಾಗಿ ಅದು ದಾನ ಅಲ್ಲ, ಕಾನೂನು. 2013ರ ಕಂಪನಿ ಕಾಯ್ದೆ 135ನೇ ಸೆಕ್ಷನ್, 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ನೆಟ್‌ವರ್ತ್, ಅಥವಾ 1000 ಕೋಟಿ ಟರ್ನೋವರ್, ಅಥವಾ 5 ಕೋಟಿ ನಿವ್ವಳ ಲಾಭ, ಇದರಲ್ಲಿ ಒಂದಿದ್ರೂ ಸಾಕು, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಖರ್ಚು ಮಾಡಲೇಬೇಕು. ಮೊದಮೊದಲು ಮಾಡಿಲ್ಲ ಅಂದ್ರೆ ಯಾಕೆ ಮಾಡಿಲ್ಲ ಅಂತ ಕಾರಣ ಬರೆದ್ರೆ ನಡೀತಿತ್ತು, 2021ರ ಜನವರಿಯಿಂದ ಅದೂ ಇಲ್ಲ, ಉಳಿದ ದುಡ್ಡನ್ನ ಬೇರೆ ಅಕೌಂಟ್‌ಗೋ ಸರ್ಕಾರ ಹೇಳಿದ ಫಂಡ್‌ಗೋ ಹಾಕಬೇಕು, ಇಲ್ಲಾಂದ್ರೆ ದಂಡ. ಅಂದ್ರೆ ಇದು ಹೆಚ್ಚುಕಮ್ಮಿ ಟ್ಯಾಕ್ಸ್ ಇದ್ದಹಾಗೆ. ಟ್ಯಾಕ್ಸ್ ಕಟ್ಟಿದ್ದಕ್ಕೆ ಯಾರಾದ್ರೂ ಬ್ಯಾನರ್ ಹಾಕಿಸ್ತಾರಾ?

ಈಗ ಇನ್ನೊಂದು ಕಾನೂನು ಹೇಳ್ತೀನಿ, ಇದಕ್ಕೆ ಯಾರೂ ಬ್ಯಾನರ್ ಹಾಕಿಸಲ್ಲ. 2006ರ ಎಂಎಸ್‌ಎಂಇ ಕಾಯ್ದೆ, ಅಂದ್ರೆ ಸಣ್ಣಪುಟ್ಟ ಉದ್ಯಮಗಳ ಕಾಯ್ದೆ, 15ನೇ ಸೆಕ್ಷನ್. ಮೈಕ್ರೋ ಅಥವಾ ಸ್ಮಾಲ್ ಯುನಿಟ್‌ನಿಂದ ಮಾಲು ತಗೊಂಡ್ರೆ, ಬರವಣಿಗೆಯಲ್ಲಿ ಒಪ್ಪಂದ ಇದ್ದರೆ ಅದರ ಪ್ರಕಾರ, ಆದ್ರೆ ಏನೇ ಆದ್ರೂ 45 ದಿನ ಮೀರೋ ಹಾಗಿಲ್ಲ. ಒಪ್ಪಂದ ಇಲ್ಲ ಅಂದ್ರೆ 15 ದಿನ. ಮೀರಿದ್ರೆ 16ನೇ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ತಿಂಗಳ ಚಕ್ರಬಡ್ಡಿ. ಬ್ಯಾಂಕ್ ದರ 6% ಅಂತ ಇಟ್ಕೊಳ್ಳಿ, ಬಡ್ಡಿ 18% ಆಯ್ತು. ಕೇಳಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ. ನಾನು ನೋಡ್ಕೊಳ್ಳೋ ಯುನಿಟ್‌ಗಳಲ್ಲಿ ಈ ಬಡ್ಡಿ ಒಂದು ರೂಪಾಯಿ ಬಂದಿದ್ದನ್ನ ನಾನು ಕಂಡಿಲ್ಲ. ಪಿಓನಲ್ಲೇ, ಅಂದ್ರೆ ಪರ್ಚೇಸ್ ಆರ್ಡರ್‌ನಲ್ಲೇ, ರಾಜಾರೋಷವಾಗಿ ‘ಪೇಮೆಂಟ್ 90 ದಿನ’ ಅಂತ ಪ್ರಿಂಟ್ ಆಗಿರತ್ತೆ, ಕಾನೂನು 45 ಅನ್ನತ್ತೆ ಪಿಓ 90 ಅನ್ನತ್ತೆ, ಅದನ್ನ ಪ್ರಿಂಟ್ ಮಾಡಿದ ಕಂಪನಿಯಲ್ಲಿ ಲೀಗಲ್ ಡಿಪಾರ್ಟ್‌ಮೆಂಟ್ ಅಂತಾನೇ ಒಂದು ಫ್ಲೋರ್ ಇರತ್ತೆ.

ಒಂದು ಯುನಿಟ್ ಬಗ್ಗೆ ಹೇಳ್ತೀನಿ. ಹೆಸರು ಬೇಡ. ಓನರ್ ಕುಣಿಗಲ್ ಕಡೆಯೋರು, ನಾನು ಅಣ್ಣ ಅಂತೀನಿ, ಅವರು ನನ್ನ ಮೇಡಂ ಅಂತಾರೆ. ಐಟಿಐ ಮುಗಿಸಿ ಬೇರೆ ಕಡೆ ಟರ್ನರ್ ಆಗಿದ್ದು, ಸಾಲ ಮಾಡಿ ಮೊದಲು ಒಂದು ಹಳೇ ಲೇತ್ ತಗೊಂಡು, ಈಗ ಎರಡು ಸಿಎನ್‌ಸಿ ಟರ್ನಿಂಗ್ ಮಷಿನ್, ಒಂದು ವಿಎಂಸಿ (ಕಂಪ್ಯೂಟರ್‌ನಿಂದ ಓಡೋ ಮಿಲ್ಲಿಂಗ್ ಮಷಿನ್) ಇದೆ. ಪಂಪ್‌ಗೆ ಹೋಗೋ ಶಾಫ್ಟು, ಬುಷ್ಷು, ಫ್ಲ್ಯಾಂಜು ಇಂಥವು ಮಾಡ್ತಾರೆ. ಶೆಡ್ ಒಳಗೆ ಕಾಲಿಟ್ರೆ ಕೂಲೆಂಟ್ ವಾಸನೆ, ಚಪ್ಪಲಿ ತಳಕ್ಕೆಲ್ಲಾ ಲೋಹದ ಚಿಪ್ಸ್ ಚುಚ್ಕೊಳ್ಳತ್ತೆ, ನನ್ನ ಟೇಬಲ್ಲು ಟೂಲ್ ರ್ಯಾಕ್ ಪಕ್ಕದಲ್ಲಿ. ಅಲ್ಲೇ ಕೂತು ಒಂದು ಬಿಲ್ಲಿನ ಯಾತ್ರೆ ನೋಡಿದ್ರೆ ನೀತಿಪಾಠ ಎಲ್ಲಾ ಅದರಲ್ಲೇ ಇದೆ.

ಮಾಲು ರೆಡಿ ಆಗತ್ತೆ, ಅಂಚಿನ ಚೂಪು (ಬರ್) ತೆಗೆದು, ಎಣ್ಣೆ ಹಚ್ಚಿ, ಟ್ರೇನಲ್ಲಿ ಜೋಡಿಸಿ, ಇನ್ವಾಯ್ಸು, ಇ-ವೇ ಬಿಲ್ಲು, ಇನ್ಸ್‌ಪೆಕ್ಷನ್ ರಿಪೋರ್ಟು ಎಲ್ಲಾ ಲಗತ್ತಿಸಿ ಟಾಟಾ ಏಸ್‌ನಲ್ಲಿ ಕಳಿಸ್ತೀವಿ. ಗೇಟಲ್ಲಿ ಸೆಕ್ಯೂರಿಟಿ ಸೀಲ್ ಹಾಕ್ತಾನೆ. ಮಾಲು ಸ್ಟೋರ್ಸ್‌ಗೆ ಹೋಗತ್ತೆ. ಅಲ್ಲಿಂದ ಜಿಆರ್‌ಎನ್ ಆಗಬೇಕು, ಅಂದ್ರೆ ‘ಮಾಲು ಬಂತು, ಸರಿಯಾಗಿದೆ, ತಗೊಂಡಿದ್ದೀವಿ’ ಅಂತ ಅವರ ಸಿಸ್ಟಮ್‌ನಲ್ಲಿ ಎಂಟ್ರಿ. ಇಲ್ಲೇ ಆಟ ಶುರು. ಕಾಯ್ದೆ ಏನು ಹೇಳತ್ತೆ ಅಂದ್ರೆ, ಮಾಲು ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಎತ್ತಿಲ್ಲ ಅಂದ್ರೆ ತಲುಪಿದ ದಿನಾನೇ ಒಪ್ಪಿಕೊಂಡ ದಿನ, ಗಡುವು ಅಲ್ಲಿಂದ ಶುರು. ತಕರಾರು ಎತ್ತಿದ್ರೆ ಮಾತ್ರ ಅದು ಸರಿಹೋದ ದಿನದಿಂದ ಲೆಕ್ಕ. ಹಾಗಾಗಿ ಎರಡು ವಾರ ಸದ್ದಿಲ್ಲದೆ ಇದ್ದು, ಕರೆಕ್ಟಾಗಿ ಆ 15 ದಿನ ಮುಗಿಯೋ ಹಿಂದಿನ ದಿನ ಒಂದು ಮೇಲ್ ಬರತ್ತೆ, ‘ಎರಡು ಪೀಸ್‌ನಲ್ಲಿ ಹೊರಗಿನ ವ್ಯಾಸ ಓವರ್‌ಸೈಜ್ ಕಾಣ್ತಿದೆ, ದಯವಿಟ್ಟು ಬಂದು ವೆರಿಫೈ ಮಾಡಿ’. 600 ಪೀಸ್‌ನಲ್ಲಿ ಎರಡು. ಅಣ್ಣ ಮೈಕ್ರೋಮೀಟರ್ ಜೇಬಿಗಿಟ್ಕೊಂಡು ಬೈಕ್ ಹತ್ತಿ ಹೋಗ್ತಾರೆ, ಅಲ್ಲಿ ಇನ್ಸ್‌ಪೆಕ್ಟರ್ ರಜ, ನಾಳೆ ಬನ್ನಿ. ನಾಳೆ ಹೋದ್ರೆ ಪೀಸ್ ಸರಿಯಾಗೇ ಇದೆ, ‘ಆಯ್ತು ಬಿಡಿ, ಕ್ಲಿಯರ್ ಮಾಡ್ತೀವಿ’. ಗಡಿಯಾರ ಮತ್ತೆ ಸೊನ್ನೆಯಿಂದ.

ಎಲ್ಲಾ ಕಂಪನಿಯೂ ಬೇಕಂತ ಹೀಗೆ ಮಾಡ್ತಾವೆ ಅಂತ ನಾನು ಹೇಳ್ತಿಲ್ಲ, ಕೆಲವು ಸಲ ನಿಜವಾಗ್ಲೂ ನಮ್ಮ ಪೀಸೇ ಕೆಟ್ಟಿರತ್ತೆ, ಕಟಿಂಗ್ ಟೂಲ್‌ನ ಇನ್ಸರ್ಟ್ ಸವೆದಿರೋದು ನೋಡದೆ ಆಪರೇಟರ್ ಓಡಿಸಿಬಿಟ್ಟಿರ್ತಾನೆ. ಆದ್ರೆ ಕಂಪನಿಯ ಕ್ವಾರ್ಟರ್ ಎಂಡ್ ಹತ್ರ ಬಂದಾಗಲೇ ನಮ್ಮ ಪೀಸ್‌ಗಳಿಗೆ ಕಾಯಿಲೆ ಜಾಸ್ತಿ ಆಗೋದು ಯಾಕೋ ನಂಗೆ ಇವತ್ತಿಗೂ ಅರ್ಥ ಆಗಿಲ್ಲ.

ಜಿಆರ್‌ಎನ್ ಆದ್ಮೇಲೆ ಅಕೌಂಟ್ಸ್. ಅಲ್ಲಿ ‘ಬಿಲ್ ಪಾರ್ಕ್ ಆಗಿದೆ, ಪೋಸ್ಟ್ ಆಗಿಲ್ಲ’, ‘ಪೇಮೆಂಟ್ ರನ್ 10ಕ್ಕೆ ಮತ್ತೆ 25ಕ್ಕೆ ಮಾತ್ರ, ನಿಮ್ದು 26ಕ್ಕೆ ಡ್ಯೂ ಆಗತ್ತೆ’, ‘ಅಪ್ರೂವಲ್ ಕೊಡೋರು ಟೂರ್‌ನಲ್ಲಿದ್ದಾರೆ’. ಅಲ್ಲಿ ಫೋನ್ ಎತ್ತೋ ಹುಡುಗಿ ಪಾಪ ಒಳ್ಳೇಳು, ಅವಳಿಗೆ ನನ್ನ ದನಿನೇ ಬಾಯಿಪಾಠ, ‘ಮೇಡಂ ನನ್ ಕೈಲಿ ಏನಿದೆ ಹೇಳಿ’ ಅಂತಾಳೆ. ನಿಜ, ಅವಳ ಕೈಲಿ ಏನೂ ಇಲ್ಲ. ಎಲ್ಲೋ ಮೇಲೆ ಒಬ್ರು ಫೈನಾನ್ಸ್ ಸಾಹೇಬ್ರು ‘ಪೇಯಬಲ್ ಡೇಸ್ (ಬಿಲ್ಲಿಗೆ ದುಡ್ಡು ಕೊಡೋಕೆ ತಗೊಳ್ಳೋ ದಿನ) ಜಾಸ್ತಿ ಮಾಡಿ ಕ್ಯಾಶ್ ಫ್ಲೋ ಇಂಪ್ರೂವ್ ಮಾಡಿದೆ’ ಅಂತ ಅಪ್ರೈಸಲ್‌ನಲ್ಲಿ ಬರ್ಕೊಂಡಿರ್ತಾರೆ, ಅದಕ್ಕೆ ಅವರಿಗೆ ಬೋನಸ್ಸೂ ಬಂದಿರತ್ತೆ.

ಇಷ್ಟರಲ್ಲಿ ಈ ಕಡೆ ಏನಾಗಿರತ್ತೆ ನೋಡಿ. 10 ಲಕ್ಷದ ಬಿಲ್ಲು ಅಂತ ಇಟ್ಕೊಳ್ಳಿ, ಮೇಲೆ 18% ಜಿಎಸ್‌ಟಿ 1.8 ಲಕ್ಷ. ಸ್ಟೀಲು ತಂದಿದ್ದು 5 ಲಕ್ಷಕ್ಕೆ, ಅದರ ಮೇಲೆ ಕಟ್ಟಿದ 90 ಸಾವಿರ ಕಳೆದ್ರೆ ಇನ್ನೂ 90 ಸಾವಿರ ಮುಂದಿನ ತಿಂಗಳು 20ನೇ ತಾರೀಕಿನೊಳಗೆ ಸರ್ಕಾರಕ್ಕೆ ಕಟ್ಟಬೇಕು. ಪಾರ್ಟಿ ದುಡ್ಡು ಕೊಟ್ಟಿದ್ದಾರೋ ಇಲ್ಲವೋ ಸರ್ಕಾರ ಕೇಳಲ್ಲ. ಮಜಾ ಏನಂದ್ರೆ ನಾವು ಕೈಯಿಂದ ಹಾಕಿ ಕಟ್ಟಿದ ಅದೇ ತೆರಿಗೆಯ ಕ್ರೆಡಿಟ್ಟನ್ನ ಆ ದೊಡ್ಡ ಕಂಪನಿ ಅದೇ ತಿಂಗಳು ತಗೊಂಡಿರತ್ತೆ, ನಮಗೆ 180 ದಿನದೊಳಗೆ ದುಡ್ಡು ಕೊಟ್ರೆ ಅವರಿಗೆ ಏನೂ ತೊಂದರೆ ಇಲ್ಲ. ನಾವು ರಿಟರ್ನ್ ಒಂದು ದಿನ ಲೇಟ್ ಮಾಡಿದ್ರೆ ಮಾತ್ರ ಅವರ ಟ್ಯಾಕ್ಸ್ ಟೀಮ್‌ನಿಂದ ಕೆಂಪಕ್ಷರದಲ್ಲಿ ಮೇಲ್ ಬರತ್ತೆ, ‘ನಿಮ್ಮ ಇನ್ವಾಯ್ಸ್ ನಮ್ಮ ಜಿಎಸ್‌ಟಿ ಕ್ರೆಡಿಟ್ ಸ್ಟೇಟ್‌ಮೆಂಟ್ 2ಬಿನಲ್ಲಿ ಕಾಣ್ತಿಲ್ಲ, ಪೇಮೆಂಟ್ ಹೋಲ್ಡ್ ಮಾಡ್ತೀವಿ’. ಎಲ್ಲಿತ್ತಪ್ಪಾ ಪೇಮೆಂಟು, ಹೋಲ್ಡ್ ಮಾಡಕ್ಕೆ!

ಸ್ಟೀಲ್ ಅಂಗಡಿಯೋರು 30 ದಿನ ಬಿಟ್ರೆ ಹೆಚ್ಚು. ಕರೆಂಟ್ ಬಿಲ್ಲು, ಶೆಡ್ ಬಾಡಿಗೆ, ಸಂಬಳ ಯಾವುದೂ ಕಾಯಲ್ಲ. ಬ್ಯಾಂಕ್ ಓವರ್‌ಡ್ರಾಫ್ಟ್ ಬಡ್ಡಿ 12% ಅಂತ ಹಿಡಿದ್ರೆ 11.8 ಲಕ್ಷ 120 ದಿನ ನಿಂತ್ರೆ ಬಡ್ಡಿನೇ 46 ಸಾವಿರ ಚಿಲ್ಲರೆ. ಆ ಬಿಲ್ಲಲ್ಲಿ ಅಣ್ಣಂಗೆ ಉಳಿಯೋದು ಎಷ್ಟು? ಎಲ್ಲಾ ಕಳೆದು 80 ಸಾವಿರ ಉಳಿದ್ರೆ ಆ ತಿಂಗಳು ಚೆನ್ನಾಗಿತ್ತು ಅಂತ.

ಈಗ ಇದನ್ನೇ ಆ ಕಡೆಯಿಂದ ಲೆಕ್ಕ ಹಾಕಿ. ಸುಮ್ನೆ ಒಂದು ಕಂಪನಿ ಕಲ್ಪಿಸ್ಕೊಳ್ಳಿ, ವರ್ಷಕ್ಕೆ 100 ಕೋಟಿ ಮಾಲು ಸಣ್ಣ ಯುನಿಟ್‌ಗಳಿಂದ ತಗೊಳ್ಳತ್ತೆ. 45 ದಿನಕ್ಕೆ ಕೊಡೋ ಬದಲು 120 ದಿನಕ್ಕೆ ಕೊಡತ್ತೆ. 75 ದಿನದ ವ್ಯತ್ಯಾಸ ಅಂದ್ರೆ ಯಾವಾಗ ನೋಡಿದ್ರೂ ಸುಮಾರು 20 ಕೋಟಿ ಬೇರೆಯೋರ ದುಡ್ಡು ಅವರ ಹತ್ರ ಬಡ್ಡಿ ಇಲ್ಲದೆ ಓಡಾಡ್ತಿರತ್ತೆ. 10% ಬಡ್ಡಿ ಹಾಕಿದ್ರೂ ವರ್ಷಕ್ಕೆ 2 ಕೋಟಿ ಉಳಿತಾಯ. ಅದೇ ಕಂಪನಿಯ ಸರಾಸರಿ ಲಾಭ 50 ಕೋಟಿ ಅಂದ್ರೆ ಸಿಎಸ್‌ಆರ್‌ಗೆ ಇಡಬೇಕಾಗಿರೋದು 1 ಕೋಟಿ. ಅಂದ್ರೆ ಅಣ್ಣನಂಥೋರ ಜೇಬಿಂದ 2 ಕೋಟಿ ಎತ್ತಿ, ಅದರಲ್ಲಿ 1 ಕೋಟಿ ಶಾಲೆಗೆ ಕೊಟ್ಟು, ಫೋಟೋದಲ್ಲಿ ಮಾತ್ರ ತಾನು ನಿಂತ್ಕೊಳ್ಳೋದು. ಯಾರದ್ದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನೋ ಗಾದೆಗೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ?

ಒಂದು ಸಲ ಇಂಥಾ ಕಂಪನಿಯ ವೆಂಡರ್ ಮೀಟ್‌ಗೆ ಅಣ್ಣ ನನ್ನನ್ನೂ ಕರ್ಕೊಂಡು ಹೋಗಿದ್ರು, ‘ನೀವೂ ಬನ್ನಿ ಮೇಡಂ, ಅಕೌಂಟ್ಸ್‌ನೋರು ಬಂದಿರ್ತಾರೆ, ಎದುರಾಎದುರು ಕೇಳಬೋದು’ ಅಂತ. ದೊಡ್ಡ ಹೋಟೆಲ್, ಎಸಿ ಹಾಲ್. ನಮ್ಮಂಥೋರೇ ಒಂದು ನೂರು ಜನ, ಎಲ್ರೂ ಇಸ್ತ್ರಿ ಶರ್ಟಲ್ಲಿ, ಆದ್ರೆ ಉಗುರಿನ ಸಂದಿಯಲ್ಲಿ ಗ್ರೀಸ್ ಕಪ್ಪು ಹೋಗಿರಲ್ಲ. ಮೊದಲು ಸಿಎಸ್‌ಆರ್ ವಿಡಿಯೋ ಹಾಕಿದ್ರು, ಮಕ್ಕಳು ಕೈ ತೊಳ್ಕೊಳ್ತಿರೋದು, ಡ್ರೋನ್ ಶಾಟ್‌ನಲ್ಲಿ ಕೆರೆ, ಹಿಂದೆ ಕೊಳಲು. ಆಮೇಲೆ ಪ್ರತಿ ಟೇಬಲ್‌ಗೂ ಒಂದು ಪೇಪರ್ ಕೊಟ್ರು, ‘ಸಪ್ಲೈಯರ್ ಕೋಡ್ ಆಫ್ ಕಂಡಕ್ಟ್’. ಬಾಲಕಾರ್ಮಿಕರನ್ನ ಇಟ್ಕೋಬಾರ್ದು, ಲಂಚ ಕೊಡಬಾರ್ದು, ತ್ಯಾಜ್ಯ ಸರಿಯಾಗಿ ವಿಲೇವಾರಿ ಮಾಡಬೇಕು, ಕಾರ್ಮಿಕರಿಗೆ ಸಂಬಳ ಪ್ರತಿ ತಿಂಗಳು 7ನೇ ತಾರೀಕಿನೊಳಗೆ ಕೊಡಬೇಕು. ಒಂದೊಂದೂ ಸರಿಯಾದ ಮಾತು. ಸಹಿ ಹಾಕಿ ವಾಪಸ್ ಕೊಡಬೇಕು.

ನಾನು ಪೂರ್ತಿ ಓದಿದೆ, ಹಿಂದೆ ಮುಂದೆ ತಿರುಗಿಸಿ ಓದಿದೆ. ಅವರು ನಮಗೆ ಯಾವ ತಾರೀಕಿಗೆ ದುಡ್ಡು ಕೊಡ್ತಾರೆ ಅಂತ ಒಂದು ಸಾಲೂ ಇರ್ಲಿಲ್ಲ. ಆವತ್ತು ಅವರಿಂದ ಬರಬೇಕಾಗಿದ್ದ ಹಳೇ ಬಿಲ್ಲು ನಾಲ್ಕು ತಿಂಗಳು ದಾಟಿತ್ತು. ಪಕ್ಕದಲ್ಲಿದ್ದ ಪೌಡರ್ ಕೋಟಿಂಗ್‌ನೋರು ಪೆನ್ನು ಕೇಳ್ತಾ ‘7ನೇ ತಾರೀಕು ಸಂಬಳ ಕೊಡಬೇಕಂತೆ, ಇವರು ಯಾವ ವರ್ಷದ 7ನೇ ತಾರೀಕು ಕೊಡ್ತಾರೆ ಕೇಳಿ ಮೇಡಂ’ ಅಂದ್ರು. ಸಹಿ ಎಲ್ರೂ ಹಾಕಿದ್ರು. ಊಟ ಚೆನ್ನಾಗಿತ್ತು. ಅಕೌಂಟ್ಸ್‌ನೋರು ಯಾರೂ ಬಂದಿರ್ಲಿಲ್ಲ.

ಕಂಪ್ಲೇಂಟ್ ಮಾಡಬೋದಲ್ಲ ಅಂತೀರಾ. ಮಾಡಬೋದು. ಸಮಾಧಾನ್ ಅಂತ ಪೋರ್ಟಲ್ 2017ರಲ್ಲೇ ಬಂತು, ಉದ್ಯಮ್ ನಂಬರ್ (ಸಣ್ಣ ಯುನಿಟ್ ಅಂತ ಸರ್ಕಾರದಲ್ಲಿ ರಿಜಿಸ್ಟರ್ ಆದ ನಂಬರ್) ಹಾಕಿ ಆನ್‌ಲೈನ್‌ನಲ್ಲಿ ಅರ್ಜಿ ಕೊಟ್ರೆ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗತ್ತೆ, 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ತೀರ್ಪನ್ನ ಕಂಪನಿ ಕೋರ್ಟಲ್ಲಿ ಪ್ರಶ್ನೆ ಮಾಡಬೇಕಾದ್ರೆ ಮೊದಲು 75% ದುಡ್ಡು ಡೆಪಾಸಿಟ್ ಇಡಬೇಕು, ಇದು ನಿಜವಾಗ್ಲೂ ಗಟ್ಟಿ ನಿಯಮ. ಆದ್ರೆ ಅರ್ಜಿ ಹಾಕಿದ ದಿನಾನೇ ಆ ಕಂಪನಿಯ ಆರ್ಡರ್ ನಿಂತುಹೋಗತ್ತೆ, ಪರ್ಚೇಸ್ ಮ್ಯಾನೇಜರ್ ಇನ್ನೊಂದು ಕಂಪನಿಗೆ ಹೋದಾಗ ಅಲ್ಲೂ ಹೇಳ್ತಾನೆ, ‘ಆ ಪಾರ್ಟಿ ಕೇಸ್ ಹಾಕೋ ಪಾರ್ಟಿ’ ಅಂತ. ಅದಕ್ಕೆ ನಮ್ಮಲ್ಲಿ ಕೌನ್ಸಿಲ್‌ಗೆ ಹೋಗೋರು ಯಾರು ಅಂದ್ರೆ ಹೆಚ್ಚಾಗಿ ಆ ಕಂಪನಿ ಜೊತೆ ವ್ಯವಹಾರ ಮುಗಿಸ್ಕೊಂಡೋರು, ಇಲ್ಲಾ ಯುನಿಟ್ಟೇ ಮುಚ್ಚಿದೋರು.

2023ರ ಬಜೆಟ್‌ನಲ್ಲಿ ಸರ್ಕಾರ ಇನ್ನೊಂದು ಕಡೆಯಿಂದ ಚುಚ್ಚಿತು. ಇನ್‌ಕಮ್ ಟ್ಯಾಕ್ಸ್‌ನಲ್ಲಿ 43ಬಿ(ಎಚ್) ಅಂತ ಸೇರಿಸಿದ್ರು. ಮೈಕ್ರೋ, ಸ್ಮಾಲ್ ಯುನಿಟ್‌ಗೆ ಗಡುವಿನೊಳಗೆ ಕೊಡದೆ ವರ್ಷದ ಕೊನೆಗೆ ಬಾಕಿ ಉಳಿಸ್ಕೊಂಡ್ರೆ ಆ ಖರ್ಚನ್ನ ಆ ವರ್ಷದ ಲೆಕ್ಕದಲ್ಲಿ ಕಳೆಯೋ ಹಾಗಿಲ್ಲ, ಕೊಟ್ಟ ವರ್ಷವೇ ಕಳೀಬೇಕು. 2024ರ ಮಾರ್ಚ್‌ನಲ್ಲಿ ಅದರ ಪವಾಡ ನೋಡಬೇಕಿತ್ತು, ಫೋನ್ ಎತ್ತದೆ ಇದ್ದೋರೆಲ್ಲಾ ಅವರಾಗೇ ಫೋನ್ ಮಾಡಿ ‘ನಿಮ್ದು ಎಷ್ಟು ಬಾಕಿ ಇದೆ ಮೇಡಂ, ಉದ್ಯಮ್ ಸರ್ಟಿಫಿಕೇಟ್ ಕಳಿಸಿ’ ಅಂತಿದ್ರು. ಇನ್ನು ಕೆಲವರು ಬೇರೆ ದಾರಿ ಹಿಡಿದ್ರು, ‘ಉದ್ಯಮ್ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡ್ಸಿ, ಇಲ್ಲಾಂದ್ರೆ ನಿಮ್ಮತ್ರ ತಗೊಳ್ಳೋದು ಕಷ್ಟ’ ಅಂತ ಮೆಲ್ಲಗೆ ಬಾಯಿಮಾತಲ್ಲಿ. ಮೇಲ್‌ನಲ್ಲಿ ಬರೆಯಲ್ಲ ಅಂಥಾದ್ದನ್ನ. ಮತ್ತೆ ಆ ಕಾನೂನಲ್ಲಿ ಒಂದು ತೂತು ಇದೆ, ಲೇಟಾದ್ರೂ ಅದೇ ಹಣಕಾಸು ವರ್ಷದೊಳಗೆ ಕೊಟ್ಬಿಟ್ರೆ ಕಳೀಬೋದು. ಹಾಗಾಗಿ ಏಪ್ರಿಲ್‌ನಿಂದ ಫೆಬ್ರವರಿವರೆಗೂ ಹಳೇ ರಾಗ, ಮಾರ್ಚ್‌ನಲ್ಲಿ ಒಂದು ತಿಂಗಳು ಧರ್ಮರಾಯ.

ಟ್ರೆಡ್ಸ್ ಅಂತ ಇನ್ನೊಂದಿದೆ, ಬಿಲ್ಲನ್ನ ಆನ್‌ಲೈನ್‌ನಲ್ಲಿ ಹಾಕಿದ್ರೆ ಬ್ಯಾಂಕುಗಳು ಬಿಡ್ ಮಾಡಿ ನಮಗೆ ಒಂದೆರಡು ದಿನದಲ್ಲಿ ದುಡ್ಡು ಕೊಡತ್ವೆ, ಆಮೇಲೆ ಕಂಪನಿ ಬ್ಯಾಂಕಿಗೆ ಕೊಡಬೇಕು. 250 ಕೋಟಿ ಟರ್ನೋವರ್ ಮೇಲಿರೋ ಕಂಪನಿಗಳು 2025ರ ಮಾರ್ಚ್ 31ರೊಳಗೆ ಸೇರಲೇಬೇಕು ಅಂತ ಮಾಡಿದ್ರು. ಸೇರೋದು ಕಡ್ಡಾಯ, ಬಿಲ್ಲು ಒಪ್ಪಿಕೊಳ್ಳೋದು ಅವರಿಷ್ಟ. ಇಷ್ಟು ಹೇಳಿದ್ರೆ ಸಾಕಲ್ಲ.

ಸಮಾಜಸೇವೆ ಒಂದು ಕಡೆ, ವ್ಯವಹಾರದ ನಿಯತ್ತು ಇನ್ನೊಂದು ಕಡೆ, ಎರಡಕ್ಕೂ ಸಂಬಂಧಾನೇ ಇಲ್ಲದೆ ಇರಬೋದು ಅನ್ನೋದಕ್ಕೆ ಸತ್ಯಂ ಅನ್ನೋ ಐಟಿ ಕಂಪನಿಯ ಕಥೆ ನಂಗೆ ಯಾವಾಗ್ಲೂ ನೆನಪಾಗತ್ತೆ. 108 ಆಂಬುಲೆನ್ಸ್ ಇದ್ಯಲ್ಲ, ಆ ಇಎಂಆರ್‌ಐ ಸಂಸ್ಥೆ 2005ರಲ್ಲಿ ಹೈದರಾಬಾದಲ್ಲಿ ಶುರುವಾಗಿದ್ದು ಸತ್ಯಂನ ರಾಮಲಿಂಗ ರಾಜು ದುಡ್ಡು ಹಾಕಿದ್ದರಿಂದ. ನಮ್ಮ ಕರ್ನಾಟಕಕ್ಕೂ 2008ರಲ್ಲಿ ಆರೋಗ್ಯ ಕವಚ ಅಂತ ಬಂತು. ಎಷ್ಟು ಜೀವ ಉಳಿಸಿದೆ ಆ ಗಾಡಿ, ಯಾರೂ ಇಲ್ಲ ಅನ್ನಕ್ಕಾಗಲ್ಲ. ಅದೇ 2008ರ ಸೆಪ್ಟೆಂಬರ್‌ನಲ್ಲಿ ಸತ್ಯಂಗೆ ಒಳ್ಳೇ ಆಡಳಿತಕ್ಕೆ ಅಂತ ಗೋಲ್ಡನ್ ಪೀಕಾಕ್ ಪ್ರಶಸ್ತಿ. 2009ರ ಜನವರಿ 7ಕ್ಕೆ ರಾಜು ಪತ್ರ, ಬ್ಯಾಂಕಲ್ಲಿದೆ ಅಂತ ತೋರಿಸಿದ್ದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ. ಸಾವಿರಾರು ಸಣ್ಣ ಷೇರುದಾರರು ಮುಳುಗಿದ್ರು. ಆಂಬುಲೆನ್ಸ್ ಸುಳ್ಳಲ್ಲ, ಪತ್ರವೂ ಸುಳ್ಳಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರಲ್ಲ, ಅದೇ.

ಹೊರದೇಶದ್ದೂ ಒಂದು ಹೇಳ್ತೀನಿ, ಯಾಕಂದ್ರೆ ನಮ್ಮೋರಿಗೆ ‘ಫಾರಿನ್‌ನಲ್ಲಿ ಎಲ್ಲಾ ಕರೆಕ್ಟ್’ ಅನ್ನೋ ಭ್ರಮೆ ಜಾಸ್ತಿ. ಬ್ರಿಟನ್‌ನಲ್ಲಿ ಕರಿಲಿಯನ್ ಅಂತ ದೊಡ್ಡ ಕಟ್ಟಡ ಕಂಪನಿ ಇತ್ತು, ಆಸ್ಪತ್ರೆ, ಜೈಲು, ಸ್ಕೂಲು ಎಲ್ಲದರ ಕಂಟ್ರ್ಯಾಕ್ಟ್ ಅವರದ್ದು. ಬೇಗ ಪೇಮೆಂಟ್ ಕೊಡ್ತೀವಿ ಅನ್ನೋ ಪ್ರಾಂಪ್ಟ್ ಪೇಮೆಂಟ್ ಕೋಡ್‌ಗೆ ಸಹಿ ಹಾಕಿತ್ತು. ಸಪ್ಲೈಯರ್‌ಗೆ ಹಾಕಿದ್ದ ಟರ್ಮ್ಸ್ 120 ದಿನ! ಅದಕ್ಕಿಂತ ಮುಂಚೆ ಬೇಕಾದ್ರೆ ಬ್ಯಾಂಕಿಗೆ ಕಮಿಷನ್ ಕೊಟ್ಟು ತಗೊಳ್ಳಿ ಅಂತ. 2018ರ ಜನವರಿಯಲ್ಲಿ ಕಂಪನಿ ಮುಳುಗಿದಾಗ ಸುಮಾರು 30 ಸಾವಿರ ಸಪ್ಲೈಯರ್, ಸಬ್ ಕಂಟ್ರ್ಯಾಕ್ಟರ್‌ಗಳಿಗೆಲ್ಲಾ ಸೇರಿ 200 ಕೋಟಿ ಪೌಂಡ್ ಬಾಕಿ. ಕೋಡ್‌ಗೆ ಹಾಕಿದ ಸಹಿ ಫೈಲಲ್ಲೇ ಇತ್ತು ಅನ್ಸತ್ತೆ.

ಇಷ್ಟು ಹೊತ್ತು ಸಣ್ಣೋರ ಪರ ಮಾತಾಡಿದೆ, ಆದ್ರೆ ಸಣ್ಣೋರೆಲ್ಲಾ ಸತ್ಯ ಹರಿಶ್ಚಂದ್ರರು ಅಂದ್ಕೋಬೇಡಿ. ಅಕೌಂಟ್ಸ್ ನೋಡೋರಿಗೆ ಗೊತ್ತಿರತ್ತೆ ಒಳಗಿನ ಹುಳುಕು. ಹತ್ತು ಜನ ಕೆಲಸ ಮಾಡ್ತಿದ್ರೆ ಆರು ಜನರ ಹೆಸರು ಮಾತ್ರ ರಿಜಿಸ್ಟರ್‌ನಲ್ಲಿರತ್ತೆ, ಉಳಿದೋರು ‘ಕಂಟ್ರ್ಯಾಕ್ಟ್’. ಒಡಿಶಾದಿಂದ, ರಾಯಚೂರು ಕಡೆಯಿಂದ ಬಂದ ಹುಡುಗರು, ಇಎಸ್‌ಐ ಕಾರ್ಡಿಲ್ಲ, ಓಟಿಗೆ (ಓವರ್‌ಟೈಮಿಗೆ) ಸಿಂಗಲ್ ರೇಟು, ಕಾನೂನು ಡಬಲ್ ಅನ್ನತ್ತೆ. ಪವರ್ ಪ್ರೆಸ್‌ನಲ್ಲಿ ಎರಡೂ ಕೈಲಿ ಒತ್ತಬೇಕು ಅಂತ ಎರಡು ಬಟನ್ ಕೊಟ್ಟಿರ್ತಾರೆ, ಕೈ ಡೈ ಒಳಗಿರಬಾರದು ಅಂತಾನೇ. ಒಂದು ಬಟನ್‌ಗೆ ಬೆಂಕಿಪೊಟ್ಟಣದ ಕಡ್ಡಿ ಸಿಕ್ಕಿಸಿ ಟೇಪ್ ಸುತ್ತಿ ಒಂದೇ ಕೈಲಿ ಓಡಿಸೋದನ್ನ ನಾನೇ ನೋಡಿದ್ದೀನಿ, ಪ್ರೊಡಕ್ಷನ್ ಜಾಸ್ತಿ ಬರತ್ತೆ ಅಂತ. ಹೀಗೇ ಬೆರಳು ಹೋಗೋದು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇದೆ ಅನ್ನೋದು ಹೊಸ ಸುದ್ದಿ ಏನಲ್ಲ, ಅದು ಪ್ಲೇಟಿಂಗ್ ಅಂಗಡಿಗಳ ನೀರು, ಟ್ಯಾಂಕರ್‌ನಲ್ಲಿ ಟ್ರೀಟ್‌ಮೆಂಟಿಗೆ ಕಳಿಸೋ ಬದಲು ರಾತ್ರಿ ಮೋರಿಗೆ ಬಿಟ್ಟಿದ್ದರ ಫಲ.

ಕೇಳಿದ್ರೆ ಹೇಳ್ತಾರೆ, ‘ಮೇಲಿನೋರು ದುಡ್ಡು ಕೊಡಲಿ, ನಾವೂ ಎಲ್ಲಾ ಸರಿಯಾಗಿ ಮಾಡ್ತೀವಿ’. ನಾನು ಇದನ್ನ ಅರ್ಧ ಒಪ್ತೀನಿ. ದುಡ್ಡು ತಡ ಆದ್ರೆ ಮೊದಲು ನಿಲ್ಲೋದು ಟ್ಯಾಂಕರ್, ಆಮೇಲೆ ಓಟಿ, ಆಮೇಲೆ ಹೆಲ್ಪರ್ ಸಂಬಳ, ಇದು ನಾನು ಕಣ್ಣಾರೆ ನೋಡಿದ ಸತ್ಯ, ಮೇಲೆ 30 ದಿನ ತಡ ಆಗಿದ್ದು ಕೆಳಗೆ ಬರೋಷ್ಟರಲ್ಲಿ ಯಾರದ್ದೋ ಮನೆ ಬಾಡಿಗೆ, ಯಾರದ್ದೋ ಮಗುವಿನ ಸ್ಕೂಲ್ ಫೀಸು ಆಗಿರತ್ತೆ. ಆದ್ರೆ ಬಟನ್‌ಗೆ ಕಡ್ಡಿ ಸಿಕ್ಕಿಸಿದ್ದಕ್ಕೂ ಮೇಲಿನೋರ ಪೇಮೆಂಟಿಗೂ ಏನ್ ಸಂಬಂಧ? ದುಡ್ಡು ಟೈಮಿಗೆ ಬಂದಾಗಲೂ ಅದು ಹಾಗೇ ಇತ್ತು. ಇದನ್ನ ಮುಖಕ್ಕೆ ಹೇಳಿದ್ರೆ ಕೆಲಸ ಹೋಗತ್ತೆ ಅಂತ ಭಯ ಇತ್ತು, ಹೇಳಿದೆ, ಆ ಯುನಿಟ್ಟಿನ ಲೆಕ್ಕ ಈಗ ಬೇರೆ ಯಾರೋ ಬರೀತಾರೆ. ಇರಲಿ.

ಟೈಮಿಗೆ ದುಡ್ಡು ಕೊಡೋ ಕಂಪನಿಗಳೇ ಇಲ್ವಾ? ಇದಾವೆ. ನಮ್ಮ ಲೆಡ್ಜರ್‌ನಲ್ಲೇ ಒಂದಿದೆ, ತೀರಾ ದೊಡ್ಡದೇನಲ್ಲ, ವೆಬ್‌ಸೈಟೂ ನೆಟ್ಟಗಿಲ್ಲ, ಆದ್ರೆ 30ನೇ ದಿನ ಸಂಜೆಯೊಳಗೆ ಬ್ಯಾಂಕ್ ಮೆಸೇಜ್ ಬಂದೇ ಬರತ್ತೆ. ಅವರ ಮಾಲು ಅರ್ಜೆಂಟ್ ಅಂದ್ರೆ ಅಣ್ಣ ಬೇರೆ ಎಲ್ಲಾ ಸೆಟ್ಟಿಂಗ್ ಬಿಚ್ಚಿಸಿ ಅವರದ್ದೇ ಮೊದಲು ಹಾಕಿಸ್ತಾರೆ, ಭಾನುವಾರನೂ ಓಡಿಸ್ತಾರೆ. ರೇಟೂ ಅವರಿಗೆ ಕಮ್ಮಿ. ಇದು ಪರ್ಚೇಸ್‌ನೋರಿಗೆ ಯಾಕೆ ಹೊಳೆಯಲ್ಲ ಅಂತ ನಂಗೆ ಆಶ್ಚರ್ಯ, ಪೀಣ್ಯದಲ್ಲಿ ಒಂದೇ ಬುಷ್‌ಗೆ ಎರಡು ರೇಟಿದೆ, ದುಡ್ಡು ಕೊಡೋ ಪಾರ್ಟಿಗೆ ಒಂದು, ಸತಾಯಿಸೋ ಪಾರ್ಟಿಗೆ ಇನ್ನೊಂದು. ಸತಾಯಿಸೋರು ಬಡ್ಡಿ ಉಳಿಸಿದ್ವಿ ಅಂತ ಅಂದ್ಕೊಂಡಿರ್ತಾರೆ, ಅದು ರೇಟಲ್ಲಿ ಸೇರ್ಕೊಂಡು ವಾಪಸ್ ಅವರ ಹತ್ರಾನೇ ಹೋಗಿರತ್ತೆ, ಪೂರ್ತಿ ಅಲ್ಲದಿದ್ರೂ ಒಂದಷ್ಟು.

ಇನ್ನೊಂದು ವಿಷ್ಯ, ಷೇರು ತಗೊಳ್ಳೋರಿಗೆ. ಷೇರು ಮಾರುಕಟ್ಟೆ ನೋಡ್ಕೊಳ್ಳೋ ಸೆಬಿ, ಮಾರ್ಕೆಟ್ ಬೆಲೆಯಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ ಅಂತ ಜವಾಬ್ದಾರಿಯ ಒಂದು ರಿಪೋರ್ಟ್ ಕಡ್ಡಾಯ ಮಾಡಿದೆ, 2022-23ರಿಂದ. ವಾರ್ಷಿಕ ವರದಿಯ ಜೊತೆ ಇರತ್ತೆ. ಅದರಲ್ಲಿ ಮೊದಲನೇ ತತ್ವವೇ ನೀತಿ, ಪಾರದರ್ಶಕತೆ, ಹೊಣೆಗಾರಿಕೆ. ಆ ತತ್ವದ ಕೆಳಗೆ ‘ಅಕೌಂಟ್ಸ್ ಪೇಯಬಲ್ ಎಷ್ಟು ದಿನ’ ಅಂತ ಒಂದು ಸಾಲು ಈಗ ಬಂದಿದೆ. ಸಿಎಸ್‌ಆರ್ ಫೋಟೋಗಳ ಪುಟ ದಾಟಿ ಹೋಗಿ ಆ ಸಾಲು ನೋಡಿ. ಬ್ಯಾಲೆನ್ಸ್ ಶೀಟಿನ ನೋಟ್ಸ್‌ನಲ್ಲೂ ಮೈಕ್ರೋ ಮತ್ತು ಸ್ಮಾಲ್ ಯುನಿಟ್‌ಗಳಿಗೆ ಎಷ್ಟು ಬಾಕಿ, ಎಷ್ಟು ಬಡ್ಡಿ ಅಂತ ಬೇರೆ ತೋರಿಸಬೇಕು, ಅದು 2006ರ ಕಾಯ್ದೆಯದ್ದೇ ನಿಯಮ. ನಾನು ಬಿಡುವಾದಾಗ ಇದನ್ನ ನೋಡ್ತಿರ್ತೀನಿ, ಕೆಲವರು ಸಿನಿಮಾ ನೋಡ್ತಾರೆ ನಾನು ಇದು. ಬಡ್ಡಿ ಕಾಲಂನಲ್ಲಿ ‘ಇಲ್ಲ’ ಅಂತ ಎಷ್ಟು ನೆಮ್ಮದಿಯಾಗಿ ಬರೆದಿರ್ತಾರೆ ಅಂದ್ರೆ, ನಮ್ಮ ಲೆಡ್ಜರ್ ಪಕ್ಕದಲ್ಲಿಟ್ಟು ನೋಡಿದ್ರೆ ನಗು ಬರತ್ತೆ.

ಹೋದ ಆಯುಧಪೂಜೆ ಮುಗಿದ ಮೇಲೆ ಅಣ್ಣಂಗೆ ನಾನೊಂದು ಐಡಿಯಾ ಕೊಟ್ಟೆ. ಹೇಗೂ ಎರಡು ರೇಟ್ ಮನಸ್ಸಲ್ಲಿ ಇದ್ದೇ ಇರತ್ತೆ, ಕೊಟೇಶನ್‌ನಲ್ಲೇ ಬರೆದುಬಿಡಿ, 30 ದಿನಕ್ಕೆ ಕೊಟ್ರೆ ಪೀಸಿಗೆ ಇಷ್ಟು, 90 ದಿನ ಆದ್ರೆ ಇಷ್ಟು, ಅವರೇ ಆರಿಸ್ಕೊಳ್ಳಲಿ ಅಂತ. ಅಣ್ಣ ಸ್ವಲ್ಪ ಹಿಂದೆ ಮುಂದೆ ನೋಡಿ ಒಪ್ಪಿದ್ರು. ಎರಡು ಕಾಲಂ ಹಾಕಿ ಲೆಟರ್‌ಹೆಡ್‌ನಲ್ಲಿ ನೀಟಾಗಿ ಟೈಪ್ ಮಾಡಿ, ಸೀಲ್ ಹಾಕಿ, ಆ ವೆಂಡರ್ ಮೀಟ್ ಕಂಪನಿಗೇ ಕಳಿಸಿದ್ವಿ. ಮೂರನೇ ದಿನ ಪರ್ಚೇಸ್‌ನಿಂದ ಫೋನ್ ಬಂತು, ಅಣ್ಣ ಸ್ಪೀಕರ್‌ಗೆ ಹಾಕಿದ್ರು. ‘ನಿಮ್ಮ ಫಾರ್ಮ್ಯಾಟ್ ತುಂಬಾ ಚೆನ್ನಾಗಿದೆ ಸಾರ್, ಕ್ಲಿಯರ್ ಆಗಿದೆ. 30 ದಿನದ ರೇಟ್ ನಮಗೆ ಓಕೆ. ಪಿಓ ಕಳಿಸ್ತೀವಿ. ಪೇಮೆಂಟ್ ಟರ್ಮ್ಸ್ ಮಾತ್ರ ನಮ್ಮ ಸ್ಟ್ಯಾಂಡರ್ಡ್ 90 ಡೇಸ್ ಇರತ್ತೆ.’

ಅಣ್ಣ ಫೋನ್ ಮೇಲೆ ಕೈ ಮುಚ್ಚಿ ನನ್ನ ಮುಖ ನೋಡಿ ನಕ್ರು, ನಾನೂ ನಕ್ಕೆ. ಆರ್ಡರ್ ತಗೊಂಡ್ರಾ ಅಂತ ಕೇಳ್ತೀರಾ? ತಗೊಂಡ್ರು. ವಿಎಂಸಿ ಎರಡು ವಾರದಿಂದ ಖಾಲಿ ನಿಂತಿತ್ತು, ಅದರ ಇಎಂಐ ಡ್ಯೂ 5ನೇ ತಾರೀಕು.